ಸಹಾಯ ಬೇಕು: ಗ್ರೀಟಿಂಗ್ ಕಾರ್ಡ್ ಹೋಲ್ಡರ್ ಮಡಿಕೆಯಲ್ಲಿ ಬಿರಿಯುತ್ತಿದೆ

ನಮಸ್ಕಾರ, ನಾನು ಧಾರವಾಡದವಳು. ಅವ್ವ ಕೂಡಿಟ್ಟ ಸಂಕ್ರಾಂತಿ, ದೀಪಾವಳಿ ಕಾರ್ಡುಗಳು ಸುಮಾರು 40 ಇವೆ. ಕೆಲವುದರಲ್ಲಿ ಅಜ್ಜನ ಕೈಬರಹ, ನೀಲಿ ಶಾಯಿ ಮಾಸಿದೆ. ಅವನ್ನು ಇಡಲು 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಕಾರ್ಡ್‌ಸ್ಟಾಕ್‌ನಲ್ಲಿ, ಅಂದರೆ ದಪ್ಪ ಕಾಗದದಲ್ಲಿ, ಡಬ್ಬಿಯಂಥ ಹೋಲ್ಡರ್ ಮಾಡುತ್ತಿದ್ದೇನೆ. ರೀಫಿಲ್ ಮುಗಿದ ಪೆನ್ನಿನಿಂದ ಗೆರೆ ಒತ್ತಿಯೇ ಮಡಚಿದೆ. ಉದ್ದಕ್ಕೆ ನೀಟಾಗಿ ಬರುತ್ತದೆ. ಅಡ್ಡಕ್ಕೆ ಮಡಚಿದರೆ ಬಣ್ಣ ಬಿರಿದು ಒಳಗಿನ ಬಿಳಿ ನಾರು ಕಾಣುತ್ತದೆ. ಕಾಗದದ ನಾರು ಸಾಗಿದ ದಿಕ್ಕಿಗೆ ಅಡ್ಡವಾಗಿ ಮಡಚಿದ್ದಕ್ಕೆ ಹೀಗೆ, ಅದು ಗೊತ್ತು. ಆದರೆ ಡಬ್ಬಿಯ ಆಕಾರಕ್ಕೆ ಎರಡೂ ಕಡೆ ಮಡಚಲೇಬೇಕಲ್ವಾ? ತಳವನ್ನು ಬೇರೆ ತುಂಡಾಗಿ ಕತ್ತರಿಸಿ ಅಂಟಿಸಲೇ, ಇಲ್ಲಾ 250 ಜಿಎಸ್‌ಎಂ ತರಲೇ? ತಳ 4 ಸೆಂ.ಮೀ. ಅಗಲ ಬೇಕು, ಭಾರಕ್ಕೆ ಉಬ್ಬಬಾರದು. ಅಂಟು ಜಾಸ್ತಿಯಾದರೆ ಶೀಟು ಸೊಟ್ಟಗಾಗುತ್ತದೆ. ಡಬಲ್ ಸೈಡ್ ಟೇಪ್ ತಡೆಯುತ್ತದಾ? ಮಾಡಿ ನೋಡಿದವರು ದಯವಿಟ್ಟು ಹೇಳಿ. ಸಂಕ್ರಾಂತಿಗೆ ಕುಸುರೆಳ್ಳಿನ ಜೊತೆ ಅವ್ವನ ಕೈಗೆ ಕೊಡಬೇಕು.