ಸಹಾಯ ಬೇಕು: ಕಾರು ಡಿಕ್ಕಿ, ಮೊಣಕಾಲು ಮುರಿತ, 3 ಲಕ್ಷಕ್ಕೆ ರಾಜಿ ಆಗಬಹುದೇ?

ಬದಿಯಡ್ಕ ಕಡೆಯ ಅಡಿಕೆ ಕೊಯ್ಯುವ ಅಣ್ಣನೊಬ್ಬರಿಗೆ, ಪ್ರಾಯ 38, ಮೆಡಿಕಲ್ ಬೋರ್ಡ್ ಶೇ. 20 ಅಂಗವೈಕಲ್ಯ ಬರೆದಿದೆ. ಲೋಕ ಅದಾಲತ್‌ಗೆ ಬಂದ ವಿಮೆಯವರು 3 ಲಕ್ಷ ಎನ್ನುತ್ತಿದ್ದಾರೆ.

ತಿಂಗಳ ದುಡಿಮೆ 15,000. 36ರಿಂದ 40ರ ಪ್ರಾಯಕ್ಕೆ ಗುಣಕ (ಪರಿಹಾರದ ಲೆಕ್ಕದಲ್ಲಿ ವರ್ಷದ ದುಡಿಮೆಯನ್ನು ಗುಣಿಸುವ ಸಂಖ್ಯೆ) 15. 15,000 × 12 × 15ರ ಶೇ. 20 ಅಂದರೆ ದುಡಿಮೆಯ ನಷ್ಟಕ್ಕೇ 5,40,000. ಆಸ್ಪತ್ರೆ ಬಿಲ್ಲು, ನೋವಿನ ಪರಿಹಾರ, ಮಲಗಿದ್ದ ತಿಂಗಳುಗಳ ಕೂಲಿ ಬೇರೆ. ಅಲ್ಲದೆ, ಮೊಣಕಾಲು ಮಡಚಲಾಗದವರು ಮರ ಹತ್ತುವುದು ಹೇಗೆ? ಕಾಲಿನ ಊನ ಶೇ. 20 ಇದ್ದರೂ ಕಸುಬಿನ ನಷ್ಟ ಅದಕ್ಕಿಂತ ಹೆಚ್ಚೆಂದು ಅಪಘಾತ ಪರಿಹಾರದ ಟ್ರಿಬ್ಯೂನಲ್ ಒಪ್ಪಬಹುದು. ಅದಕ್ಕೆ ಡಾಕ್ಟರ ಸಾಕ್ಷಿ ಬೇಕು.

ಕಾಸರಗೋಡಿನಲ್ಲಿ ಇಂಥ ಕೇಸು ನಡೆಸಿದ ವಕೀಲರು ಯಾರಾದರೂ ಇದ್ದೀರಾ? ಮಲಯಾಳದಲ್ಲಿರುವ ಎಫ್‌ಐಆರ್, ಮಹಜರು ಓದಿ ಕನ್ನಡದಲ್ಲಿ ಹೇಳುವವರೂ ಬೇಕು. ಅದಾಲತ್‌ನಲ್ಲಿ ಸಹಿ ಬಿದ್ದರೆ ಅಪೀಲಿಲ್ಲ, ದಯವಿಟ್ಟು ಬೇಗ ತಿಳಿಸಿ.