ಸಹಾಯ ಬೇಕು: ನಿಂತ ಆಕೃತಿ ಬೀಳುತ್ತದೆ, ಇಲ್ಲವೇ ಕಂಬವಾಗುತ್ತದೆ

ನಮಸ್ಕಾರ. ನನಗೆ 46 ವರ್ಷ. ಮೂರು ತಿಂಗಳಿಂದ ಮಾಡೆಲ್ ನೋಡಿ ಚಿತ್ರ ಬರೆಯಲು ಕಲಿಯುತ್ತಿದ್ದೇನೆ. ಎರಡು ನಿಮಿಷದ ಭಂಗಿಗಳು ಪರವಾಗಿಲ್ಲ. 20 ನಿಮಿಷದ್ದೇ ಕಷ್ಟ.

ಮೊನ್ನೆ ಮಾಡೆಲ್ ಎಡಗಾಲಿಗೆ ಭಾರ ಕೊಟ್ಟು ನಿಂತಿದ್ದರು. ಎಡ ಸೊಂಟ ಮೇಲೆದ್ದಿತ್ತು, ಎಡ ಭುಜ ಇಳಿದಿತ್ತು. ಎಷ್ಟು ಚೆಂದದ ನಿಲುವು! ನನ್ನ ಇದ್ದಿಲಿನ ಚಿತ್ರದಲ್ಲಿ ಮಾತ್ರ ಆಕೃತಿ ಪಕ್ಕಕ್ಕೆ ವಾಲಿತು. ಆಮೇಲೆ ದಾರಕ್ಕೆ ನಟ್ ಕಟ್ಟಿ, ಕಣ್ಣಿನ ಮುಂದೆ ತೂಗುಬಿಟ್ಟು ನೋಡಿದೆ. ಕತ್ತಿನ ಕುಳಿ ಸರಿಯಾಗಿ ಎಡ ಪಾದದ ಮೇಲೇ ಬರುತ್ತದೆ. ಹಾಗೆ ಅಳೆದು ಬರೆದರೆ ವಾಲುವುದಿಲ್ಲ, ಆದರೆ ಮೈ ಬಿಗಿದುಕೊಳ್ಳುತ್ತದೆ. ಅವಸರದ ಗೆರೆಯಲ್ಲಿದ್ದ ಜೀವ ಹೋಗಿಬಿಡುತ್ತದೆ. ಅದೇ ಜಾಸ್ತಿ ಬೇಜಾರು.

ಅನುಭವ ಇರುವವರು ಹೇಳಿ: ಮೊದಲು ಬೀಸು ಗೆರೆ ಹಾಕಿ ನಂತರ ದಾರದಿಂದ ತಿದ್ದಬೇಕಾ, ಅಥವಾ ಮೊದಲೇ ಅಳತೆ ಗುರುತು ಹಾಕಿಕೊಂಡು ಗೆರೆ ಎಳೆಯಬೇಕಾ?