ಡ್ರೈವಾಲ್‌ನಿಂದ ಗಂಧಕದ ವಾಸನೆ

ಪ್ರಶ್ನೆ: ಅಮೆರಿಕದಲ್ಲಿ 2006ರಲ್ಲಿ ಕಟ್ಟಿದ ಮನೆಯೊಂದನ್ನು ಕೊಂಡಿದ್ದೇವೆ. ಒಳಗೆ ಕೊಳೆತ ಮೊಟ್ಟೆಯಂಥ ವಾಸನೆಯಿದ್ದು, ಎ.ಸಿ.ಯ ಕಾಯಿಲ್ ಎರಡು ಬಾರಿ ಸೋರಿದೆ. ಗೋಡೆಯ ಡ್ರೈವಾಲ್ (ಒಳಗೋಡೆಗೆ ಹೊದಿಸುವ ಜಿಪ್ಸಂ ಹಲಗೆ) ಕಾರಣವಿರಬಹುದೇ?

ಉತ್ತರ 1: ವಾಸನೆಯೊಂದನ್ನೇ ನಂಬಬೇಡಿ, ಚರಂಡಿಯ ಅನಿಲವೂ ಹಾಗೆಯೇ ನಾರುತ್ತದೆ. ಎಲೆಕ್ಟ್ರಿಷಿಯನ್‌ನಿಂದ ಒಂದು ಸಾಕೆಟ್ ಬಿಚ್ಚಿಸಿ, ಅರ್ತಿಂಗ್‌ನ ಬರಿಯ ತಾಮ್ರದ ತಂತಿಯನ್ನು ನೋಡಿ. ಹಳೆಯ ತಾಮ್ರ ಕಂದಾಗುವುದು ಸಹಜ. ಆದರೆ ಮಸಿ ಬಳಿದಂತೆ ಕಪ್ಪಾಗಿದ್ದರೆ, ಹಲಗೆಯಿಂದ ಹೊರಡುವ ಹೈಡ್ರೋಜನ್ ಸಲ್ಫೈಡ್ ಅದನ್ನು ತಿನ್ನುತ್ತಿದೆಯೆಂಬ ಅನುಮಾನ ಬಲವಾಗುತ್ತದೆ.

ಪ್ರಶ್ನೆ ಕೇಳಿದವರು: ಬಿಚ್ಚಿಸಿ ನೋಡಿದೆ, ತಂತಿ ಇದ್ದಿಲಿನಂತಿದೆ. ಗೋಡೆಗೆ ಬಣ್ಣ ಬಳಿದರೆ ಸಾಲದೇ?

ಉತ್ತರ 2: ಅದು ದುಡ್ಡು ದಂಡ. ಮೊದಲು ಹಲಗೆಯ ಚೂರನ್ನು ಪ್ರಯೋಗಾಲಯಕ್ಕೆ ಕಳುಹಿಸಿ. ದೋಷ ಖಚಿತವಾದರೆ ಹಲಗೆಗಳ ಜೊತೆಗೆ ಸಾಕೆಟ್, ಸ್ವಿಚ್, ಬ್ರೇಕರ್, ಹೊಗೆ ಅಲಾರಂಗಳನ್ನೂ ಬದಲಿಸಬೇಕೆಂಬುದು ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಸಲಹೆ. ಗೋಡೆಯೊಳಗಿನ ವೈರಿಂಗ್ ಪೂರ್ತಿ ಕೀಳಬೇಕಿಲ್ಲವೆಂದು 2011ರಲ್ಲಿ ಅದೇ ಆಯೋಗ ಹೇಳಿದೆ.